ಚುಕ್ಕಿ ಇಡಲು ನಿಂತರೆ

ಫೆಬ್ರುವರಿ ೪

ಪ್ರೀತಿಯ ಟೀಚರಮ್ಮನವರಿಗೆ ನಮಸ್ಕಾರ.

ನಾನೂ ನಮ್ಮ ಯಜಮಾನರೂ ಸುಖವಾಗಿ ಮನೆ ಸೇರಿದೆವು. ರೈಲಿನಲ್ಲಿ ಎದುರು ಕೂತಿದ್ದ ಹೆಂಗಸು “ಎಲ್ಲಿಗೆ ಹೊರಟ್ರಿ?” ಎಂದು ಕೇಳಿದಾಗ ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ. ‘ಅವರ ಮಾತನ್ನು ನೀವು ಮುಗಿಸಬೇಡಿ’ ಎಂದು ನೀವು ಹೇಳಿದ್ದು ನೆನಪಾಗಿ ಹಾಗೇ ಮುಚ್ಚಿಕೊಂಡೆ. ಇವರು ಸ್ವಲ್ಪ ಹೊತ್ತು ಆಕೆಯ ಮುಖ ನೋಡಿ “ಮನೆಗೆ” ಎಂದರು. ಒಂದೇ ಪದ. ಆದರೆ ಆ ಹೆಂಗಸಿಗೆ ಏನೂ ವಿಶೇಷ ಅನ್ನಿಸಲಿಲ್ಲ ನೋಡಿ, ಅದೇ ನನಗೆ ವಿಶೇಷ. ಪಾರ್ಶ್ವವಾಯು ಹೊಡೆದು ಮಾತು ಹೋದ ಮೇಲೆ ಇವರನ್ನು ಎಲ್ಲರಂತೆ ನೋಡಿದವರು ಆಕೆಯೇ ಮೊದಲು.

ಆಸ್ಪತ್ರೆಯಲ್ಲಿ ನಿಮ್ಮ ವಿಭಾಗದ ಬಾಗಿಲಲ್ಲಿದ್ದ ಬೋರ್ಡನ್ನು ಇವರು ಇನ್ನೂ ಮರೆತಿಲ್ಲ. “ಸೈಲೆನ್ಸ್ ಪೇಷೆಂಟ್ಸ್ ಲರ್ನಿಂಗ್ ಟು ಸ್ಪೀಕ್.” ಮೊದಲನೇ ವಾರ ಅದರ ಮುಂದೆ ನಿಂತು ಬೆರಳು ತೋರಿಸಿ ಇವರು ನಕ್ಕಾಗ ತಲೆಗೂ ಏನಾದರೂ ಆಯಿತೇನೋ ಎಂದು ಹೆದರಿದ್ದೆ. ‘ಸೈಲೆನ್ಸ್’ ಆದ ಮೇಲೆ ಒಂದು ಗೆರೆಯೋ ಚುಕ್ಕಿಯೋ ಇದ್ದರೆ ‘ಸದ್ದು ಮಾಡಬೇಡಿ, ರೋಗಿಗಳು ಮಾತು ಕಲಿಯುತ್ತಿದ್ದಾರೆ’. ಇಲ್ಲದಿದ್ದರೆ ‘ಮಾತು ಕಲಿಯುತ್ತಿರುವ ರೋಗಿಗಳ ಬಾಯಿ ಮುಚ್ಚಿಸಿ’ ಎಂದು ನೀವು ಬಿಡಿಸಿ ಹೇಳಿದ ಮೇಲೆ ನನಗೂ ನಗು ತಡೆಯಲಾಗಲಿಲ್ಲ. ಕಾಯಿಲೆ ಬಂದ ಮೇಲೆ ಇವರು ಮೊದಲು ನಕ್ಕಿದ್ದು ಅವತ್ತು.

ಅಂದಿನಿಂದ ನಮಗೆ ಬೋರ್ಡು ನೋಡುವುದೇ ಕೆಲಸ. ನಮ್ಮ ಬೀದಿಯ ಬೇಕರಿಯವನು ‘ಫ್ರೆಶ್’ ಎಂಬ ಪದದ ಆಚೆ ಈಚೆ ಅಂದಕ್ಕೆಂದು ಉದ್ಧರಣ ಚಿಹ್ನೆ ಬರೆಸಿದ್ದಾನೆ. ಇವರು ಅದನ್ನು ನೋಡಿ, ತಡೆದು ತಡೆದು, “ತಾಜಾ... ಅಂತೆ” ಎಂದರು. ಆ ‘ಅಂತೆ’ ಕೇಳಿದ ಮೇಲೆ ನಾನು ಅಲ್ಲಿ ಬ್ರೆಡ್ಡು ಕೊಳ್ಳಲಿಲ್ಲ.

ಮುಖ್ಯ ವಿಷಯ. ಹೊರಡುವ ದಿನ ನಿಮ್ಮ ವಿಭಾಗದ ಅಭಿಪ್ರಾಯ ಪೆಟ್ಟಿಗೆಯಲ್ಲಿ ಇವರು ಒಂದು ಕಾಗದ ಹಾಕಿದ್ದಾರೆ. ಎಡಗೈಯಲ್ಲಿ, ತಾವೇ ಕೂತು ಬರೆದದ್ದು. ನಿಮ್ಮ ಮೇಲಿನವರಿಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲಿ. ನನಗೆ ತೋರಿಸಲೇ ಇಲ್ಲ, ಮೈ ಅಡ್ಡ ಹಿಡಿದು ಬರೆದರು. ಈಗ ದಿನಾ “ಓದಿದ್ರಾ?” ಎಂದು ನನ್ನನ್ನು ಕೇಳುತ್ತಾರೆ, ನಾನೇ ಪೋಸ್ಟ್ ಮಾಸ್ಟರ್ ಅನ್ನುವಂತೆ. ಒಂದು ಸಾಲು ಬರೆಯಿರಿ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ನಮ್ಮ ಅಕ್ಕನ ಮಗ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಒಳ್ಳೆಯ ಹುಡುಗ. ಎದುರಿಗಿದ್ದವರು ಮಾತಾಡಿದರೆ ಕೇಳಿಸಿಕೊಳ್ಳುತ್ತಾನೆ. ಗಂಡಸರಲ್ಲಿ ಅದು ಅಪರೂಪ. ನಿಮಗೆ ಹೇಳಿರೋಣ ಅನ್ನಿಸಿತು, ಅಷ್ಟೇ.

ನಿಮ್ಮ
ಅಮ್ಮ


ಫೆಬ್ರುವರಿ ೨೧

ಮಾನ್ಯರೆ,

ನಿಮ್ಮ ಪತ್ರ ತಲುಪಿತು. ಸುರಕ್ಷಿತವಾಗಿ ಮನೆ ಸೇರಿದ್ದು ಸಂತೋಷ.

ಸರ್ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳ ಹಾಳೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ನಿಮ್ಮ ಊರಿಗೆ ಹತ್ತಿರದಲ್ಲಿ ಅನುಭವಿಗಳಾದ ಇನ್ನೊಬ್ಬ ಮಾತಿನ ಚಿಕಿತ್ಸಕರಿದ್ದಾರೆ. ಅವರ ವಿಳಾಸವೂ ಇದೆ. ಅವರ ಬಳಿ ಮುಂದುವರಿಸುವುದು ಸರ್‌ಗೆ ಹೆಚ್ಚು ಸಮಾಧಾನ ತರಬಹುದು.

ಸರ್ ಬರೆದದ್ದನ್ನು ಓದಿದೆ. ನನ್ನಿಂದ ಅವರಿಗೆ ನೋವಾಗಿದ್ದರೆ ಕ್ಷಮಿಸಿ.

ಇಂತಿ,
ಮಾತಿನ ಚಿಕಿತ್ಸಕಿ


ಮಾರ್ಚ್ ೬

ಪ್ರೀತಿಯ ಟೀಚರಮ್ಮ,

‘ಮಾನ್ಯರೆ’ ಎಂದು ಓದಿ ಲಕೋಟೆ ತಿರುಗಿಸಿ ನೋಡಿದೆ, ಕರೆಂಟಿನ ಇಲಾಖೆಯವರ ಕಾಗದ ನಮ್ಮ ಮನೆಗೆ ಬಂತೇನೋ ಎಂದು. ನಿಮ್ಮದೇ ಅಕ್ಷರ. ಆದರೆ ನನ್ನನ್ನು ‘ಅಮ್ಮ’ ಎಂದು ಕರೆಯುತ್ತಿದ್ದ ಹುಡುಗಿ ಅದರಲ್ಲಿ ಎಲ್ಲೂ ಇರಲಿಲ್ಲ.

ಕೂತು ಯೋಚಿಸಿದೆ. ಗೊತ್ತಾಯಿತು. ನಮ್ಮ ಅಕ್ಕನ ಮಗನ ವಿಷಯ ಎತ್ತಿದ್ದು ತಪ್ಪಾಯಿತು. ಓದಿದ ಹೆಣ್ಣುಮಗಳು, ಸ್ವಂತ ಕಾಲ ಮೇಲೆ ನಿಂತವರು. ಯಾರೋ ಮುದುಕಿ ಬಂದು ಗಂಡು ತೋರಿಸಿದರೆ ಬೇಸರವಾಗದೆ ಇರುತ್ತದೆಯೆ? ಜೊತೆಗೆ ಅವನಿಗೆ ನೆತ್ತಿಯ ಕೂದಲು ಉದುರುತ್ತಿರುವುದನ್ನೂ ನಾನು ಮುಚ್ಚಿಟ್ಟಿದ್ದೆ. ಅದು ನಿಮಗೆ ಹೇಗೋ ತಿಳಿದಿರಬೇಕು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹುಡುಗನನ್ನೂ, ಕೂದಲನ್ನೂ.

ನೋವಾಗಿದ್ದರೆ ಕ್ಷಮಿಸಿ ಎಂದು ಯಾಕೆ ಬರೆದಿರಿ? ಇವರಿಗೆ ನಿಮ್ಮಿಂದ ನೋವೆ? ಅದೊಂದು ಸಾಲು ಮಾತ್ರ ಎಷ್ಟು ಸಲ ಓದಿದರೂ ನನಗೆ ಒಗಟಾಗಿಯೇ ಇದೆ. ದೊಡ್ಡ ಆಸ್ಪತ್ರೆಗಳಲ್ಲಿ ಹಾಗೆ ಬರೆಯುವುದು ಪದ್ಧತಿಯೇನೋ ಎಂದುಕೊಂಡೆ.

ಇವರು ಚೆನ್ನಾಗಿದ್ದಾರೆ. ಅಭ್ಯಾಸ ನಡೆದಿದೆ.

ನೀವು ವಿಳಾಸ ಕೊಟ್ಟ ಚಿಕಿತ್ಸಕರ ವಿಷಯ ಹೇಳಿದೆ. ಇವರು ಹಾಳೆಯನ್ನು ಮಡಚಿ ಮೇಜಿನ ಆ ತುದಿಗೆ ತಳ್ಳಿಬಿಟ್ಟರು. ಬೇರೆ ಟೀಚರ್ ಎಂದರೆ ತಲೆ ಅಡ್ಡ ಆಡಿಸುತ್ತಾರೆ. ನಾನೂ ಒತ್ತಾಯ ಮಾಡಲಿಲ್ಲ. ಮನಸ್ಸಿಲ್ಲದ ಕಡೆ ಎಳೆದುಕೊಂಡು ಹೋದರೆ ಇರುವ ಮಾತೂ ಹಿಂದಕ್ಕೆ ಹೋದೀತು.

ನೀವು ಉತ್ತರ ಬರೆಯದಿದ್ದರೂ ಪರವಾಗಿಲ್ಲ. ನಮ್ಮ ಮೇಲೆ ಬೇಸರ ಮಾತ್ರ ಬೇಡ.

ನಿಮ್ಮ
ಅಮ್ಮ (ಎಂದು ಬರೆಯಬಹುದಾದರೆ)


ಮಾರ್ಚ್ ೧೮

ಅಮ್ಮ,

ನಿಮ್ಮ ಕಾಗದ ಓದಿ ಮೊದಲು ನಗು ಬಂತು. ಕೂದಲಿನ ಸಾಲಿನ ಹತ್ತಿರ ಬಂದಾಗಲಂತೂ ಪಕ್ಕದ ಕೋಣೆಯವರು ಇಣುಕಿ ನೋಡುವಷ್ಟು. ಆಮೇಲೆ ಅದೇ ಕಾಗದ ಹಿಡಿದುಕೊಂಡು ಅತ್ತೆ. ನಿಮ್ಮ ಅಕ್ಕನ ಮಗನದು ಏನೂ ತಪ್ಪಿಲ್ಲ. ಪಾಪ, ಅವರನ್ನು ಇದರಿಂದ ಬಿಟ್ಟುಬಿಡಿ.

ನಿಮಗೆ ಹೇಳಬಾರದು ಎಂದುಕೊಂಡಿದ್ದೆ. ಆದರೆ ‘ಬೇರೆ ಟೀಚರ್ ಎಂದರೆ ತಲೆ ಅಡ್ಡ ಆಡಿಸುತ್ತಾರೆ’ ಎಂದು ನೀವು ಬರೆದಿದ್ದೀರಿ. ನನ್ನ ಕೈಯಲ್ಲಿರುವ ಹಾಳೆ ಅದಕ್ಕೆ ಪೂರ್ತಿ ವಿರುದ್ಧ ಹೇಳುತ್ತಿದೆ. ಎರಡರಲ್ಲಿ ಯಾವುದು ನಿಜ ಎಂದು ತಿಳಿಯದೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ.

ನಮ್ಮಲ್ಲಿ ಪೆಟ್ಟಿಗೆಗೆ ಬಿದ್ದ ಕಾಗದಗಳನ್ನೆಲ್ಲ ತಿಂಗಳಿಗೊಮ್ಮೆ ಕಚೇರಿಯಲ್ಲಿ ಟೈಪು ಮಾಡಿಸಿ ಸಮಿತಿಯ ಮುಂದಿಡುತ್ತಾರೆ. ಸರ್ ಬರೆದದ್ದೂ ಹಾಗೇ ಹೋಯಿತು. ನಮ್ಮ ವಿಭಾಗದ ಮುಖ್ಯಸ್ಥೆ, ನೀವು ‘ದೊಡ್ಡ ಮೇಡಂ’ ಅನ್ನುತ್ತಿದ್ದಿರಲ್ಲ ಅವರು, ನನ್ನನ್ನು ಕರೆದು ಟೈಪಾದ ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು. “ಇದಕ್ಕೇನು ಹೇಳ್ತೀರಿ?” ಎಂದರು. ನಾನು ಅದರ ಒಂದು ಪ್ರತಿ ತೆಗೆದುಕೊಂಡು ಹೊರಗೆ ಬಂದೆ.

ಅದರಲ್ಲಿ ಇರುವುದು ಇದು. ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ:

“ಥ್ಯಾಂಕ್ ಯೂ ಫಾರ್ ನಥಿಂಗ್. ಕುಡ್ ಬಿ ಬೆಟರ್ ದ್ಯಾನ್ ಯುವರ್ ಟೀಚಿಂಗ್! ವೆನ್ ಐ ಕೇಮ್ ಐ ವಾಸ್ ಆಂಗ್ರಿ ವಿತ್ ಯೂ. ಐ ಆ್ಯಮ್ ನಾಟ್ ಅಫ್ರೇಡ್. ಪ್ಲೀಸ್, ಕೀಪ್ ಹರ್? ನೋ! ಅದರ್ ಟೀಚರ್, ಪ್ಲೀಸ್.”

ಏನೂ ಮಾಡದೆ ಇದ್ದದ್ದಕ್ಕೆ ಧನ್ಯವಾದ. ನಿಮ್ಮ ಪಾಠಕ್ಕಿಂತ ಇನ್ನೇನಾದರೂ ವಾಸಿ. ಬಂದಾಗ ನಿಮ್ಮ ಮೇಲೆ ಸಿಟ್ಟಿತ್ತು. ನನಗೇನೂ ಹೆದರಿಕೆಯಿಲ್ಲ. ಇವರನ್ನು ಇಟ್ಟುಕೊಳ್ಳಬೇಕೆ? ಬೇಡ! ಬೇರೆ ಟೀಚರ್ ಕೊಡಿ. ಅರ್ಥ ಇಷ್ಟೇ ಅಮ್ಮ.

ನನ್ನದು ತಾತ್ಕಾಲಿಕ ಕೆಲಸ. ಈ ತಿಂಗಳು ಕಾಯಂ ಆಗಬೇಕಿತ್ತು. ಅದನ್ನು ತಡೆಹಿಡಿದಿದ್ದಾರೆ. ಹೊಸ ರೋಗಿಗಳನ್ನು ನಾನೊಬ್ಬಳೇ ನೋಡುವಂತಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂತು ಗಮನಿಸುತ್ತಾರೆ. ಇದನ್ನು ಹೇಳಿದ್ದು ನಿಮ್ಮಿಂದ ಏನಾದರೂ ಆಗಲಿ ಎಂದಲ್ಲ. ಸರ್ ಅವರನ್ನು ಒಂದು ಮಾತು ಕೇಳಿ. ಯಾವ ದಿನ ಸಿಟ್ಟು ಬಂತು, ನಾನು ಏನು ಅಂದಾಗ? ಅವರು ತೋರಿಸಿಕೊಟ್ಟರೆ ಇನ್ನೊಬ್ಬ ರೋಗಿಗೆ ಹಾಗೆ ಮಾಡದಂತೆ ತಿದ್ದಿಕೊಳ್ಳುತ್ತೇನೆ. ಅಷ್ಟು ಸಹಾಯ ಸಾಕು.

ನಿಮ್ಮ
ಟೀಚರ್


ಮಾರ್ಚ್ ೨೫

ನಮ್ಮ ಟೀಚರಮ್ಮ,

ಇದನ್ನು ಕೂತುಕೊಂಡು ಓದಿ.

ಕಾಗದ ಬಂದಾಗ ಇವರು ವರಾಂಡದಲ್ಲಿ ಶೂ ಪಾಲಿಶ್ ಮಾಡುತ್ತಿದ್ದರು. ನಾನು ನಿಂತಲ್ಲೇ ಗಟ್ಟಿಯಾಗಿ ಓದತೊಡಗಿದೆ. ‘ಥ್ಯಾಂಕ್ ಯೂ ಫಾರ್ ನಥಿಂಗ್’ ಅನ್ನುವಷ್ಟರಲ್ಲಿ ಇವರ ಕೈಯಿಂದ ಬ್ರಷ್ಷು ಬಿತ್ತು. ಪೂರ್ತಿ ಓದಿದೆ. ನನಗೆ ಮೈಯೆಲ್ಲ ಉರಿಯಿತು.

“ಏನ್ರೀ ಇದು? ಆ ಹುಡುಗಿಗೆ ಹಿಂಗೆ ಬರೆಯೋದಾ? ನಿಮಗೇನು ಬಂದಿತ್ತು?”

“ಅಲ್ಲ... ಅಲ್ಲ ಕಣೇ!”

“ಅಲ್ಲ ಅಂದ್ರೆ? ಇದು ನಿಮ್ಮ ಮಾತಲ್ವಾ?”

ಇವರ ಮುಖ ಕೆಂಪಾಯಿತು. ಬಾಯಿ ತೆರೆದರು, ಪದ ಬರಲಿಲ್ಲ. ನಾನು ಕಾದೆ. ಎಷ್ಟು ಕಷ್ಟವಾಯಿತೆಂದರೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕಾದೆ. ಕಡೆಗೆ ಬಂತು.

“ಮಾತು ನಂದು. ಚುಕ್ಕಿ... ಚುಕ್ಕಿ ನಂದಲ್ಲ.”

ಪೆನ್ಸಿಲ್ಲು ಬೇಕೆಂದು ಕೈ ಚಾಚಿದರು. ಆ ಪದಗಳನ್ನೆಲ್ಲ ಚುಕ್ಕಿ ಗೆರೆ ಏನೂ ಇಲ್ಲದೆ ಒಂದು ಹಾಳೆಯಲ್ಲಿ ನನ್ನಿಂದ ಬರೆಸಿದರು. ಆಮೇಲೆ ತಾವೇ ಎಡಗೈಯಲ್ಲಿ, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಒಂದೊಂದಾಗಿ ಇಟ್ಟರು. ಇಲ್ಲಿದೆ ನೋಡಿ:

“ಥ್ಯಾಂಕ್ ಯೂ, ಫಾರ್ ನಥಿಂಗ್ ಕುಡ್ ಬಿ ಬೆಟರ್ ದ್ಯಾನ್ ಯುವರ್ ಟೀಚಿಂಗ್. ವೆನ್ ಐ ಕೇಮ್ ಐ ವಾಸ್ ಆಂಗ್ರಿ. ವಿತ್ ಯೂ ಐ ಆ್ಯಮ್ ನಾಟ್ ಅಫ್ರೇಡ್. ಪ್ಲೀಸ್ ಕೀಪ್ ಹರ್. ನೋ ಅದರ್ ಟೀಚರ್, ಪ್ಲೀಸ್.”

ಧನ್ಯವಾದ, ಏಕೆಂದರೆ ನಿಮ್ಮ ಪಾಠಕ್ಕಿಂತ ಚೆನ್ನಾದದ್ದು ಬೇರೆ ಇರಲಾರದು. ಬಂದಾಗ ಸಿಟ್ಟಿನಲ್ಲಿದ್ದೆ. ನಿಮ್ಮ ಜೊತೆ ನನಗೆ ಹೆದರಿಕೆಯಿಲ್ಲ. ಕೊನೆಯದು ದೊಡ್ಡ ಮೇಡಂಗೆ ಬರೆದದ್ದಂತೆ: ಇವರನ್ನು ಇಟ್ಟುಕೊಳ್ಳಿ, ಬೇರೆ ಟೀಚರ್ ಬೇಡ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ ಎಂದು ನೀವು ಯಾವಾಗಲೋ ಅಂದದ್ದನ್ನು ಇವರು ಮನಸ್ಸಿನಲ್ಲಿಟ್ಟುಕೊಂಡು, ಶಿಫಾರಸು ಮಾಡಲು ಹೋಗಿ ಈ ಅನಾಹುತ.

‘ಏಕೆಂದರೆ’ ಅನ್ನುವುದಕ್ಕೆ ‘ಫಾರ್’ ಅಂತ ಈಗ ಯಾರು ಬರೆಯುತ್ತಾರೆ ಹೇಳಿ? ಕಾಗದದ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಂಡು ಮೂವತ್ತು ವರ್ಷ ಆ ಹಳೇ ಕೋಟಿನಂಥ ಇಂಗ್ಲಿಷಿನಲ್ಲೇ ಪತ್ರ ಬರೆದವರು ಇವರು. ನಮ್ಮ ಭಾಷೆಯಲ್ಲಾದರೆ ಕ್ರಿಯಾಪದ ಬಂದು ಕೊನೆಯಲ್ಲಿ ಬಾಗಿಲು ಹಾಕಿಬಿಡುತ್ತದೆ. ಚುಕ್ಕಿ ಮರೆತರೂ ವಾಕ್ಯ ಎಲ್ಲಿ ಮುಗಿಯಿತೆಂದು ಗೊತ್ತಾಗುತ್ತದೆ. ಇಂಗ್ಲಿಷಿನದು ಬಾಗಿಲಿಲ್ಲದ ಮನೆ, ಯಾರು ಯಾವ ಕೋಣೆಗೆ ಬೇಕಾದರೂ ನುಗ್ಗಬಹುದು.

“ಆವತ್ತೇ ಚುಕ್ಕಿ ಇಟ್ಟಿದ್ರೆ ಏನಾಗ್ತಿತ್ತು?” ಎಂದು ಕೇಳಿದೆ.

“ಇಡೋಕೆ ನಿಂತ್ರೆ... ಮುಂದಿನ ಪದ... ಓಡ್ಹೋಗುತ್ತೆ.”

ನಾನು ಬಿದ್ದಿದ್ದ ಬ್ರಷ್ಷನ್ನು ಎತ್ತಿ ಇವರ ಕೈಗೆ ಕೊಟ್ಟೆ.

ಹೋದ ಕಾಗದದಲ್ಲಿ ಅಭ್ಯಾಸ ನಡೆದಿದೆ ಎಂದು ಬರೆದೆನಲ್ಲ, ಅದು ಸುಳ್ಳು. ನಿಮ್ಮ ‘ಮಾನ್ಯರೆ’ ಬಂದ ದಿನದಿಂದ ಇವರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ತಮ್ಮ ಬರಹ ನೋಡಿ ನಿಮಗೆ ನಾಚಿಕೆಯಾಗಿರಬೇಕು ಎಂದು ಅವರ ಎಣಿಕೆ. ನಿಮಗೆ ಬೇಸರವಾದೀತೆಂದು ನಾನು ಮುಚ್ಚಿಟ್ಟೆ.

ನಿಮ್ಮ ಕಾಗದ ಓದಿದ ಮಾರನೇ ದಿನ ದೊಡ್ಡ ಮೇಡಂಗೆ ಫೋನ್ ಮಾಡಿದೆವು. ನಾನೇ ಹೇಳುತ್ತೇನೆಂದರೆ ಕೇಳಲಿಲ್ಲ, ಇವರೇ ಹಾಳೆ ಹಿಡಿದು ಓದುತ್ತೇನೆಂದರು. “ಥ್ಯಾಂಕ್ ಯೂ” ಎಂದರು. ಅಲ್ಲಿ ಅಲ್ಪವಿರಾಮ ಇದೆಯಲ್ಲ, ನಿಂತರು. ಆ ನಿಲುಗಡೆ ಎಷ್ಟು ಉದ್ದವಾಯಿತೆಂದರೆ ಆ ಕಡೆಯಿಂದ ಮೇಡಂ “ಯೂ ಆರ್ ವೆಲ್ಕಮ್” ಎಂದು ಫೋನ್ ಇಟ್ಟೇಬಿಟ್ಟರು! ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಎರಡನೇ ಸಲ ನಾನೇ ಮೊದಲು ಮಾತಾಡಿದೆ: “ಮೇಡಂ, ದಯವಿಟ್ಟು ಫೋನ್ ಇಡಬೇಡಿ. ನಮ್ಮ ಯಜಮಾನರ ಅಲ್ಪವಿರಾಮ ಸ್ವಲ್ಪ ದೀರ್ಘ.”

ಅವರು ಕೊನೆಯ ತನಕ ಕೇಳಿದರು. ಓದಿ ಮುಗಿಸಿದಾಗ ಇವರ ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. ಮೇಡಂ “ಮೂಲ ಪ್ರತಿ ತರಿಸಿ ನೋಡುತ್ತೇನೆ” ಎಂದಷ್ಟೇ ಹೇಳಿದರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನಮಗೆ ತಿಳಿಯಲಿಲ್ಲ.

ಇವರು ಪೆನ್ಸಿಲ್ಲಿನಲ್ಲಿ ಚುಕ್ಕಿ ಇಟ್ಟ ಹಾಳೆ ಇದರೊಳಗಿದೆ. ಬೇಗ ಬರೆಯಿರಿ.

ನಿಮ್ಮ
ಅಮ್ಮ


ಏಪ್ರಿಲ್ ೧೦

ಪ್ರೀತಿಯ ಅಮ್ಮ,

ತಡವಾದದ್ದಕ್ಕೆ ಕ್ಷಮಿಸಿ. ಆದೇಶ ಕೈಗೆ ಬರುವ ತನಕ ಬರೆಯಬಾರದು ಎಂದು ಕಾದಿದ್ದೆ. ಇವತ್ತು ಬಂತು. ನಾನು ಕಾಯಂ ಆದೆ. ಆದೇಶದ ಅಲ್ಪವಿರಾಮಗಳನ್ನೆಲ್ಲ ಬೆರಳಿಟ್ಟು ನೋಡಿದ್ದೇನೆ, ಮೋಸವಿಲ್ಲ.

ನಿಮ್ಮ ಫೋನ್ ಬಂದ ದಿನವೇ ದೊಡ್ಡ ಮೇಡಂ ಮೂಲ ಕಾಗದ ಹಿಡಿದು ನನ್ನ ಕೋಣೆಗೆ ಬಂದರು. ಅವರು ಯಾರ ಕೋಣೆಗೂ ಬರುವವರಲ್ಲ. ಟೈಪು ಮಾಡಿದ ಗುಮಾಸ್ತರನ್ನೂ ಅಲ್ಲಿಗೇ ಕರೆಸಿದರು. ಸಂಭಾವಿತ ಮನುಷ್ಯ, ಯಾರಿಗೂ ಕೇಡು ಬಯಸಿದವರಲ್ಲ. ಬಾಗಿಲ ಹತ್ತಿರವೇ ನಿಂತು ಹೇಳಿದರು:

“ಬರೀ ಪದ ಇತ್ತು ಮೇಡಂ. ಹಂಗೇ ಬಿಟ್ರೆ ಸಮಿತಿಯೋರಿಗೆ ಓದೋಕಾಗಲ್ಲ ಅಂತ ನಾನೇ ಚುಕ್ಕಿ ಹಾಕ್ದೆ. ಉಪಕಾರ ಅಂದ್ಕೊಂಡೆ.”

“ಪ್ರಶ್ನಾರ್ಥಕ ಚಿಹ್ನೆ?” ಎಂದರು ಮೇಡಂ.

“ಮೊದಲನೇ ಸಾಲು ಬೈಗುಳ ಅನ್ನಿಸ್ತು. ಅಂದಮೇಲೆ ಮಿಕ್ಕಿದ್ದೂ ಬೈಗುಳಾನೇ ಇರ್ಬೇಕಲ್ವಾ? ಅದಕ್ಕೆ... ಹೊಂದಿಸ್ದೆ.”

ಮೇಡಂ ತುಟಿ ಬಿಗಿಹಿಡಿದಿದ್ದರು. ಬೈಯುತ್ತಾರೆ ಎಂದುಕೊಂಡೆ. ನಗು ತಡೆಯುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ಅವರು ಹೊಂದಿಸಿದ್ರು, ನಾನು ನಂಬಿದೆ. ನೀವಾದ್ರೂ ಮೂಲ ತೋರಿಸಿ ಅಂತ ಕೇಳಬಹುದಿತ್ತಲ್ಲ?” ಎಂದರು.

ಅದಕ್ಕೆ ಉತ್ತರ ನಿಮಗೆ ಹೇಳುತ್ತೇನೆ. ಯಾರಾದರೂ ಹೊಗಳಿ ಬರೆದಿದ್ದರೆ ಇದು ನನಗೇನಾ, ಹೆಸರು ತಪ್ಪಿಲ್ಲ ತಾನೆ ಎಂದು ನೂರು ಸಲ ವಿಚಾರಿಸುತ್ತಿದ್ದೆ. ಬೈಗುಳ ಬಂದಾಗ ಮಾತ್ರ ಏನೂ ಕೇಳದೆ ಮನೆಗೆ ಹೊತ್ತುಕೊಂಡು ಹೋದೆ. ಸರ್ ನನ್ನೆದುರು ಕೂತು, ಒಂದು ಪದಕ್ಕೆ ಬೆವರಿಳಿಸಿ, ಅದು ಸಿಕ್ಕಾಗ ನನ್ನ ಕಡೆ ನೋಡುತ್ತಿದ್ದ ನೋಟ ನನಗೆ ಗೊತ್ತಿತ್ತು. ಆದರೂ ಟೈಪಾದ ಹಾಳೆಯನ್ನೇ ನಂಬಿದೆ. ಇನ್ನು ಮೇಲೆ ಹಾಗೆ ಮಾಡುವುದಿಲ್ಲ.

ಮೂಲ ಕಾಗದವನ್ನು ಮೇಡಂ ನನಗೇ ಕೊಟ್ಟರು. ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡು ಓಡಿವೆ. ‘ಅಫ್ರೇಡ್’ ಎಂಬ ಪದವನ್ನು ಮೂರು ಸಲ ಹೊಡೆದು ನಾಲ್ಕನೆಯ ಸಲ ಸರಿಯಾಗಿ ಬರೆದಿದ್ದಾರೆ. ಅಮ್ಮ, ನಾನು ಈ ಕೆಲಸಕ್ಕೆ ಸೇರಿದ ಮೇಲೆ ಯಾರೂ ನನಗಾಗಿ ಇಷ್ಟು ಕಷ್ಟಪಟ್ಟಿರಲಿಲ್ಲ. ಆಮೇಲೆ ಆ ಫೋನು. ಮಾತು ಕಳೆದುಕೊಂಡವರಿಗೆ ಫೋನಿನಷ್ಟು ಕಷ್ಟ ಇನ್ನೊಂದಿಲ್ಲ. ನನ್ನ ರೋಗಿಗಳಿಗೆ ನಾನು ಅದನ್ನು ಎಲ್ಲಕ್ಕಿಂತ ಕೊನೆಗೆ ಕಲಿಸುತ್ತೇನೆ. ಸರ್ ಅದನ್ನು ಕಲಿಯದೆಯೇ, ನನ್ನ ಸಲುವಾಗಿ, ಮಾಡಿದರು. ಇದಕ್ಕೆ ಧನ್ಯವಾದ ಅಂದರೆ ಸಣ್ಣದಾಗುತ್ತದೆ. ಆದರೂ ಅವರಿಗೆ ಹೇಳಿ. ನಿಧಾನವಾಗಿ ಓದಿ ಹೇಳಿ.

ಈಗ ನಿಜ ಬರೆಯಿರಿ: ಅಭ್ಯಾಸ ನಡೆದಿದೆಯೆ?

ನಿಮ್ಮ
ಟೀಚರ್

ಮತ್ತೆ: ಗುಮಾಸ್ತರು ಸರ್ ಅವರಲ್ಲಿ ಕ್ಷಮೆ ಕೇಳಲು ಹೇಳಿದ್ದಾರೆ. ಈಗ ಬಂದ ಕಾಗದಗಳನ್ನು ಇದ್ದದ್ದು ಇದ್ದ ಹಾಗೇ ಟೈಪು ಮಾಡುತ್ತಿದ್ದಾರೆ. ಓದಲು ಸಮಿತಿಗೆ ಅರ್ಧ ದಿನ ಹಿಡಿಯುತ್ತಿದೆಯಂತೆ.


ಏಪ್ರಿಲ್ ೨೨

ಮುದ್ದಿನ ಟೀಚರಮ್ಮ,

ನಿಮ್ಮ ಕಾಗದವನ್ನು ನಿಧಾನವಾಗಿ ಓದಿ ಹೇಳಿದೆ. ಇವರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಆಮೇಲೆ ಅಭ್ಯಾಸದ ಹಾಳೆ ಎಲ್ಲಿ ಎಂದು ಕೇಳಿದರು. ಗುಮಾಸ್ತರಿಗೆ ಹೇಳಿ, ಇವರಿಗೆ ಅವರ ಮೇಲೆ ಕೋಪವಿಲ್ಲ. ಆ ಉದ್ಗಾರ ಚಿಹ್ನೆ ಮಾತ್ರ ಹೆಚ್ಚಾಯಿತು ಅನ್ನುತ್ತಾರೆ.

ಇವರ ಧನ್ಯವಾದದ ಗಲಾಟೆಯಲ್ಲಿ ನನ್ನದು ಹಿಂದೆ ಉಳಿದುಬಿಟ್ಟಿದೆ. ಅದನ್ನು ಹೇಳಲೆಂದೇ ಕೂತಿದ್ದೇನೆ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಮಾತು ಹೋಗಿ ಬಂದವರನ್ನು ನೋಡಿರಲಿಕ್ಕಿಲ್ಲ. ಕಾಯಿಲೆಯಾದ ಮೇಲೆ ನಮ್ಮ ಮನೆಯಲ್ಲಿ ಜಗಳವೇ ಇರಲಿಲ್ಲ. ಇವರು ಕೈ ತೋರಿಸುವರು, ನಾನು ಊಹಿಸಿ ಮಾಡುವೆನು. ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸುವರು. ಬಂದವರೆಲ್ಲ ‘ಎಷ್ಟು ಹೊಂದಾಣಿಕೆ’ ಎಂದು ಹೊಗಳಿ ಹೋಗುವರು. ನನಗೆ ಮಾತ್ರ ಒಬ್ಬಳೇ ಇದ್ದ ಹಾಗೆ.

ನಿನ್ನೆ ಬೆಳಿಗ್ಗೆ ಜಗಳವಾಯಿತು.

“ಆ ಕಿಟಕಿ... ನಾನು ತೆಗೆದಿದ್ದು. ಯಾಕೆ ಮುಚ್ಚಿದೆ?”

“ಧೂಳು ಬರುತ್ತೆ.”

“ಬರ್ಲಿ.”

“ಬರ್ಲಿ ಅನ್ನೋದು ಸುಲಭ. ಒರೆಸೋಳು ನಾನು.”

“ನಾನೇ... ಒರೆಸ್ತೀನಿ.”

“ನೀವಾ? ಮದುವೆ ಆದಾಗಿಂದ ಒಂದು ದಿನ ಒರೆಸೋ ಬಟ್ಟೆ ಕೈಯಲ್ಲಿ ಹಿಡಿದಿದ್ದೀರಾ?”

ಇವರು ನಿಂತರು. ಇವರ ಪರವಾಗಿ ಹೇಳಬಹುದಾದ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. ನೀವು ಕಲಿಸಿದಂತೆ ತುಟಿ ಮುಚ್ಚಿ ಕಾದೆ.

“ಅದಕ್ಕೇ... ಇವತ್ತಿಂದ ಹಿಡೀತೀನಿ. ನಿಂಗೇನು... ಕಷ್ಟ?”

ನಾನು ಸಿಟ್ಟು ಬಂದವಳಂತೆ ಅಡುಗೆಮನೆಗೆ ಹೋಗಿ, ಕೇಳಿಸಬಾರದೆಂದು ನಲ್ಲಿ ತಿರುಗಿಸಿ, ಸಿಂಕಿನ ಮುಂದೆ ನಿಂತು ಮನಸಾರೆ ಅತ್ತೆ. ಟೀಚರಮ್ಮ, ನನ್ನ ಜೊತೆ ಜಗಳವಾಡುವ ಗಂಡನನ್ನು ನೀವು ನನಗೆ ವಾಪಸು ಕೊಟ್ಟಿರಿ. ನಿಮ್ಮ ಋಣ ನಾನು ಹೇಗೆ ತೀರಿಸಲಿ?

ಈಗ ಇದನ್ನು ಬರೆಯುವಾಗಲೂ ಕಿಟಕಿ ತೆರೆದೇ ಇದೆ. ಗಾಳಿ ಧೂಳು ಹೊತ್ತು ತರುತ್ತಿದೆ, ತಲೆಗೆ ಸೆರಗು ಹೊದ್ದು ಕೂತಿದ್ದೇನೆ. ಇವರು ಒದ್ದೆ ಬಟ್ಟೆ ಹಿಡಿದು ಕಿಟಕಿಯ ಹಲಗೆ ಒರೆಸುತ್ತಿದ್ದಾರೆ. ಮೂಲೆಯಲ್ಲಿ ಧೂಳು ಹಾಗೇ ಉಳಿದಿದೆ ಎಂದು ಬೆರಳು ತೋರಿಸಿದರೆ, “ನೀನು ಸುಮ್ನೆ... ಬರಿ” ಅನ್ನುತ್ತಾರೆ.

ಸುಮ್ಮನೆ ಬರೆಯುತ್ತಿದ್ದೇನೆ.

ನಿಮ್ಮ
ಅಮ್ಮ